ಉಪ್ಪುನೀರಲ್ಲಿಟ್ಟ ಬಟಾಟಿ

ಮಹಾಂತೇಶ ನಗರ, ಬೆಳಗಾವಿ
7 ಜುಲೈ 2024

ಆಯಿ,

ಅಜ್ಜಿಗೆ ಬರೆಯುವಾಗ ಮೊದಲು ಕಾಲಿಗೆ ಬೀಳಬೇಕಂತೆ. ಎದುರಿಗಿದ್ದಾಗಲೇ ಬೀಳದ ಮೊಮ್ಮಗಳು ಕಾಗದದ ಮೇಲೆ ಬಿದ್ದರೆ ನೀನು ನಂಬುವುದಿಲ್ಲ. ಹಾಗಾಗಿ ಜೈ ಜಿನೇಂದ್ರ ಎಂದು ಹೇಳಿ ನೇರ ಸುದ್ದಿಗೆ ಬರುತ್ತೇನೆ.

ಹಾಸ್ಟೆಲ್ಲಿನಲ್ಲಿ ಮೊಬೈಲ್ ಇಟ್ಟುಕೊಳ್ಳುವಂತಿಲ್ಲ. ರವಿವಾರ ವಾರ್ಡನ್ ಎದುರಿಗೆ ಕುಳಿತು ಅಪ್ಪನೊಡನೆ ಐದು ನಿಮಿಷ ಮಾತಾಡಬಹುದು. ಆ ಐದು ನಿಮಿಷದಲ್ಲಿ ಅಪ್ಪ ಮೂರು ಸಲ “ಅಭ್ಯಾಸ ಹೆಂಗ ನಡದೈತಿ?” ಎನ್ನುತ್ತಾನೆ, ಎರಡು ಸಲ ತನ್ನ ಶರತ್ತು ನೆನಪಿಸುತ್ತಾನೆ. ಪಿಯುಸಿ ಮೊದಲ ವರ್ಷದಲ್ಲಿ ಒಂದೇ ವಿಷಯ ಕೈಕೊಟ್ಟರೂ ಸೈನ್ಸ್ ಬಿಡಿಸಿ ಖಾನಾಪುರದಲ್ಲಿ ಕಾಮರ್ಸಿಗೆ ಹಾಕುತ್ತಾನಂತೆ. ನಮ್ಮ ಬೀಡಿ ಊರಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟವನಿಗೆ ಮಗಳು ಜೀವಶಾಸ್ತ್ರ ಓದುವುದು ಯಾಕೆ ಇಷ್ಟು ಕಹಿ ಎಂದು ನನಗೆ ತಿಳಿಯುತ್ತಿಲ್ಲ. ಕೈಕೊಡುವ ಮಾತೇ ಇಲ್ಲ ಎಂದು ಅವನಿಗೆ ಹೇಳು.

ಈ ವಾರ ಲ್ಯಾಬಿನಲ್ಲಿ ಮೊದಲ ಸಲ ಜೀವಕೋಶ ನೋಡಿದೆ. ಬೇರೆ ಕಡೆ ಉಳ್ಳಾಗಡ್ಡಿಯ ಸಿಪ್ಪೆ ತೋರಿಸುತ್ತಾರಂತೆ. ಇಲ್ಲಿ ರಿಯೋ ಎಂಬ ಗಿಡದ ಎಲೆ. ಎಲೆಯ ಕೆಳಮೈ ನೇರಳೆ ಬಣ್ಣದ್ದು. ಅದರ ತೆಳು ಪೊರೆ ಸುಲಿದು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಒಂದರ ಪಕ್ಕ ಒಂದು ನೇರಳೆ ಕೋಣೆ ಕಾಣುತ್ತದೆ. ಉಪ್ಪುನೀರು ಹಾಕಿದೆವು. ನೋಡನೋಡುತ್ತ ಒಳಗಿನ ಬಣ್ಣ ಗೋಡೆ ಬಿಟ್ಟು ನಡುವಿಗೆ ಮುದುಡಿಕೊಂಡಿತು. ಮತ್ತೆ ಸಾದಾ ನೀರು ಹಾಕಿದರೆ ಮೆಲ್ಲಗೆ ಅರಳಿ ಗೋಡೆಗೆ ತಾಗಿತು. ಕೋಶದ ಸುತ್ತ ಒಂದು ಪೊರೆ ಇದೆಯಂತೆ. ನೀರನ್ನು ಬಿಡುತ್ತದೆ, ಉಪ್ಪು-ಸಕ್ಕರೆಯನ್ನು ಸುಲಭಕ್ಕೆ ಬಿಡುವುದಿಲ್ಲ. ಯಾರನ್ನು ಒಳಗೆ ಬಿಡಬೇಕು ಎಂದು ಇಷ್ಟು ಸಣ್ಣ ಜೀವಕ್ಕೂ ಗೊತ್ತು ಎಂದು ತಿಳಿದು ನನಗೆ ಕುಣಿಯುವಷ್ಟು ಖುಷಿಯಾಯಿತು.

ನಿನಗೆ ಕೊಟ್ಟ ಮಾತು ನೆನಪಿದೆ. ನೆಲದೊಳಗೆ ಬೆಳೆದ ಯಾವ ಗಡ್ಡೆಗೂ ನನ್ನ ಕೈಯಿಂದ ಚಾಕು ತಾಗುವುದಿಲ್ಲ. ಕಪ್ಪೆ ಕೊಯ್ಯುವುದಿಲ್ಲ ಎಂದು ಕಾಲೇಜನ್ನೇ ಬಿಟ್ಟು ಬಂದ ಸೋನಾಬಾಯಿಯ ಮೊಮ್ಮಗಳು ನಾನು. ಹಾಸ್ಟೆಲ್ಲಿನಲ್ಲಿ ಎಲ್ಲರಿಗೂ ನಿನ್ನ ಕತೆ ಹೇಳಿದ್ದೇನೆ.

ಅನುಜಾ


ಬೀಡಿ
15 ಜುಲೈ 2024

ಅನೂ,

ಕಾಗದ ಮುಟ್ಟಿತು. ಎರಡು ಸಲ ಓದಿದೆ. ಒಂದು ಸಲ ಕನ್ನಡಕ ಹಾಕಿಕೊಂಡು, ಒಂದು ಸಲ ನಿನ್ನವ್ವನಿಗೆ ಕೇಳುವಂತೆ. ನೇರಳೆ ಎಲೆಯ ಭಾಗ ಮಾತ್ರ ಇನ್ನೊಂದು ಸಲ ನನ್ನಷ್ಟಕ್ಕೆ ಓದಿದೆ.

ನಿಮ್ಮ ಪುಸ್ತಕ ಈಗ ಹೇಳುತ್ತಿರುವುದನ್ನು ಒಲೆ ಮುಂದಿನ ಹೆಂಗಸರು ಯಾವಾಗಲೋ ಮಾಡಿದ್ದಾರೆ. ಹಾಗಲಕಾಯಿಗೆ ಉಪ್ಪು ಸವರಿ ಇಟ್ಟರೆ ನೀರು ತಾನೇ ಹೊರಗೆ ಬರುತ್ತದೆ. ಯಾಕೆ ಬರುತ್ತದೆ ಎಂದು ನಾವು ಕೇಳಲಿಲ್ಲ. ನೀನು ಕೇಳುತ್ತೀಯ. ಅಷ್ಟೇ ವ್ಯತ್ಯಾಸ, ಆದರೆ ಅದು ಸಣ್ಣದಲ್ಲ.

ನಿನ್ನಪ್ಪನ ಮಾತನ್ನು ತಲೆಗೆ ಹಚ್ಚಿಕೊಳ್ಳಬೇಡ. ಅವನು ಅಂಗಡಿಯಲ್ಲಿ ಕುಳಿತು ಎಲ್ಲರನ್ನೂ ಹೆದರಿಸುತ್ತಾನೆ. ಹೆದರುವವರು ಯಾರೂ ಇಲ್ಲ. ಆದರೂ ಶರತ್ತು ಶರತ್ತೇ. ಸೈನ್ಸಿಗೆ ನಿನ್ನನ್ನು ಕಳಿಸಲು ನಾನು ಎರಡು ದಿನ ಊಟ ಬಿಟ್ಟಿದ್ದೇನೆ. ಆ ಎರಡು ದಿನ ವ್ಯರ್ಥ ಮಾಡಬೇಡ.

ಚಾತುರ್ಮಾಸ ಹತ್ತಿರ ಬಂತು. ಕೊಟ್ಟ ಮಾತು ಉಳಿಸಿಕೋ. ಕಪ್ಪೆಯ ಕತೆ ಹಾಸ್ಟೆಲ್ಲಿನಲ್ಲಿ ಸಾರುವುದು ಬೇಡ. ಹಳೆಯದು, ಅದರಲ್ಲಿ ಹೇಳುವಂಥದ್ದು ಏನೂ ಇಲ್ಲ.

ನಿನ್ನ ಆಯಿ


ಮಹಾಂತೇಶ ನಗರ
11 ಆಗಸ್ಟ್ 2024

ಆಯಿ,

ಒಂದು ಜಗಳ ಮಾಡಿಕೊಂಡಿದ್ದೇನೆ. ಅಪ್ಪನಿಗೆ ಈಗಲೇ ಹೇಳಬೇಡ.

ಪ್ರಯೋಗ ಹೀಗಿದೆ. ಒಂದು ತರಕಾರಿಯನ್ನು ಬಟ್ಟಲಿನಂತೆ ಕೊರೆದು, ಅದರೊಳಗೆ ಸಕ್ಕರೆ ನೀರು ತುಂಬಿ, ಮಟ್ಟಕ್ಕೆ ಗುಂಡುಸೂಜಿ ಚುಚ್ಚಿ ಗುರುತು ಮಾಡಬೇಕು. ಆಮೇಲೆ ಅದನ್ನು ಸಾದಾ ನೀರಿನ ಪಾತ್ರೆಯಲ್ಲಿ ನಿಲ್ಲಿಸಬೇಕು. ಹೊರಗಿನ ನೀರು ಕೋಶದಿಂದ ಕೋಶಕ್ಕೆ ದಾಟಿ ಒಳಗೆ ಬರುತ್ತದೆ, ಗಂಟೆ ಹೊತ್ತಿನಲ್ಲಿ ಬಟ್ಟಲಿನ ಮಟ್ಟ ಸೂಜಿಗಿಂತ ಮೇಲೇರುತ್ತದೆ. ಇದು ಪುಸ್ತಕ.

ನನ್ನದು ಏರಲಿಲ್ಲ. ಒಂದೂವರೆ ಗಂಟೆ ಕಾದೆ. ಎರಡು ಮಿಲಿಮೀಟರ್ ಇಳಿಯಿತು. ರೆಕಾರ್ಡ್ ಪುಸ್ತಕದಲ್ಲಿ ಕಂಡದ್ದನ್ನೇ ಬರೆದೆ: ಮಟ್ಟ ಏರಲಿಲ್ಲ, ಎರಡು ಮಿ.ಮೀ. ಇಳಿಯಿತು, ತರಕಾರಿ ಮುಟ್ಟಿದರೆ ಮೆತ್ತಗಿತ್ತು. ಜೀವಶಾಸ್ತ್ರದ ಕೃಷ್ಣಾಜಿ ಸರ್ ಓದಿ ಪುಸ್ತಕವನ್ನು ನನ್ನ ಕಡೆಗೇ ನೂಕಿದರು. “ಪುಸ್ತಕದಾಗ ಏರತೈತಿ ಅಂತ ಐತಿ. ಹಂಗ ಬರಕೊಂಡ ಬಾ, ಸಹಿ ಮಾಡತೀನಿ” ಎಂದರು. ಏರದೇ ಇದ್ದದ್ದನ್ನು ಹೇಗೆ ಬರೆಯಲಿ ಎಂದು ಕೇಳಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಸರ್ ಎಲ್ಲರೆದುರು ನಕ್ಕರು.

ನನ್ನ ಪಕ್ಕದ ಪದ್ಮಶ್ರೀಯದೂ ಏರಲಿಲ್ಲ. ಅವಳು ಐದು ಮಿ.ಮೀ. ಏರಿತು ಎಂದು ಬರೆದು ಸಹಿ ಪಡೆದುಕೊಂಡಳು. ನಾನು ಬರೆಯುವುದಿಲ್ಲ ಎಂದೆ. ರೆಕಾರ್ಡಿಗೆ ಪೂರ್ತಿ ಸಹಿಯಾಗದೆ ಪ್ರಾಯೋಗಿಕ ಪರೀಕ್ಷೆಗೆ ಕೂರಿಸುವುದಿಲ್ಲ. ಪರೀಕ್ಷೆಗೆ ಕೂರದಿದ್ದರೆ ವಿಷಯ ಹೋಯಿತು. ವಿಷಯ ಹೋದರೆ ಖಾನಾಪುರ ಮತ್ತು ಕಾಮರ್ಸ್.

ನಿನಗೆ ಕೊಟ್ಟ ಮಾತು ಮುರಿದಿಲ್ಲ. ಕೊರೆಯುವ ಕೆಲಸವನ್ನು ಲ್ಯಾಬಿನ ಮಾಯಕ್ಕ ಮಾಡಿಕೊಟ್ಟಿದ್ದಳು. ಯಾಕೆ ಏರಲಿಲ್ಲ ಎಂದು ಮಾತ್ರ ತಿಳಿಯುತ್ತಿಲ್ಲ. ನಿನಗೆ ಏನಾದರೂ ಹೊಳೆದರೆ ಬರೆ.

ಅನುಜಾ


ಬೀಡಿ
22 ಆಗಸ್ಟ್ 2024

ನನ್ನ ಹುಲಿಮರಿಗೆ,

ನಿನ್ನ ಕಾಗದ ಓದಿ ಎದೆ ಉಬ್ಬಿತು. ನೀನು ಸುತ್ತಿ ಬಳಸಿ ಬರೆದರೂ ನನಗೆ ಅರ್ಥವಾಗುತ್ತದೆ. ನೀನು ಚಾಕು ಹಿಡಿಯಲಿಲ್ಲ, ಕೊರೆಯುವ ಕೆಲಸ ಬೇರೆಯವರ ಕೈಯಲ್ಲಿ ಮಾಡಿಸಿದೆ. ಅದಕ್ಕೇ ಆ ಸರ್ ಸಿಟ್ಟಾಗಿ ಸಹಿ ಹಿಡಿದಿಟ್ಟಿದ್ದಾನೆ. ಧರ್ಮಕ್ಕಾಗಿ ಸಹಿ ಬಿಟ್ಟೆ ಎಂದು ನಿನ್ನನ್ನು ಬಸದಿಯಲ್ಲಿ ಎಲ್ಲರೆದುರು ಹೊಗಳಿದೆ. ಹೆಂಗಸರೆಲ್ಲ “ರಕ್ತದಾಗ ಬಂದೈತಿ ಬಿಡ್ರಿ” ಎಂದರು. ನಾನು ಜಪಮಾಲೆ ಎತ್ತಿಕೊಂಡೆ.

ನಿನ್ನ ತರಕಾರಿ ಹಸಿ ಪಪ್ಪಾಯಿ ಇರಬೇಕು ಎಂದು ನಿನ್ನವ್ವನ ಅಂದಾಜು, ಸವತೆಕಾಯಿ ಎಂದು ನನ್ನದು. ಪಪ್ಪಾಯಿಗೆ ಹಾಲು ಸುರಿಯುತ್ತದೆ, ಅದರಿಂದ ಕೆಟ್ಟಿದ್ದರೂ ಕೆಟ್ಟೀತು. ಸವತೆಕಾಯಿಯಾದರೆ ಮಳೆಗಾಲದ್ದು ಮೊದಲೇ ನೀರು ಕುಡಿದಿರುತ್ತದೆ, ಇನ್ನೆಲ್ಲಿಂದ ಎಳೆದುಕೊಳ್ಳಬೇಕು?

ನೀನು ಬಗ್ಗಬೇಡ. ಸಹಿ ಇಲ್ಲದಿದ್ದರೆ ಪರೀಕ್ಷೆಗೆ ಯಾರು ಕೂರಿಸುವುದಿಲ್ಲವೋ ನಾನೂ ನೋಡುತ್ತೇನೆ.

ನಿನ್ನ ಆಯಿ


ಮಹಾಂತೇಶ ನಗರ
1 ಸೆಪ್ಟೆಂಬರ್ 2024

ಆಯಿ,

ನೀನು ಬಸದಿಯಲ್ಲಿ ಹೊಗಳಿದ್ದು ಓದಿ ಎರಡು ದಿನ ನಿದ್ದೆ ಬರಲಿಲ್ಲ. ತಪ್ಪು ನನ್ನದು. ಮುಚ್ಚಿಟ್ಟು ಬರೆದೆ, ನೀನು ನಿನಗೆ ಬೇಕಾದಂತೆ ತುಂಬಿಕೊಂಡೆ.

ಅದು ಪಪ್ಪಾಯಿಯಲ್ಲ, ಸವತೆಕಾಯಿಯೂ ಅಲ್ಲ. ಬಟಾಟಿ.

ಪೂರ್ತಿ ಹೇಳುತ್ತೇನೆ. ನಮ್ಮ ತಂಡದಲ್ಲಿ ಜೈನರ ಹುಡುಗಿಯರು ಮೂವರು. ಬಟಾಟಿ ಕೊಯ್ಯಲು ನಮಗೆ ಮನಸ್ಸಾಗದು ಎಂದು ಮಾಯಕ್ಕನಿಗೆ ಗೊತ್ತು. ಆಕೆ ಹನ್ನೊಂದು ವರ್ಷದಿಂದ ಅದೇ ಲ್ಯಾಬಿನಲ್ಲಿದ್ದಾಳೆ. ಯಾರೂ ಹೇಳದೆಯೇ ಆಕೆ ಪ್ರತಿ ವರ್ಷ ಹಿಂದಿನ ದಿನ ಸಂಜೆ ಜೈನರ ಹುಡುಗಿಯರಿಗಷ್ಟೇ ಬಟಾಟಿ ಸುಲಿದು, ಕೊರೆದು ಇಡುತ್ತಾಳೆ. ಕರ್ರಗಾಗಬಾರದೆಂದು ಮನೆಯಲ್ಲಿ ಮಾಡುವಂತೆ ನೀರಿಗೆ ಹಿಡಿ ಉಪ್ಪು ಹಾಕಿ ಮುಳುಗಿಸುತ್ತಾಳೆ. ಉಳಿದವರು ಪ್ರಯೋಗದ ಹೊತ್ತಿಗೆ ತಾವೇ ಕೊಯ್ದುಕೊಳ್ಳುತ್ತಾರೆ. ಅವರೆಲ್ಲರದೂ ಏರಿತು. ಏರದೇ ಇದ್ದದ್ದು ನಮ್ಮ ಮೂರು ಮಾತ್ರ.

ನಮ್ಮ ಕೈ ಸರಿಯಿಲ್ಲ ಎಂದು ಸರ್ ಅಂದುಕೊಂಡಿದ್ದಾರೆ. “ನಿಮಗ ಮುಟ್ಟಾಕ ಅಸಹ್ಯ, ಅದಕ್ಕ ನಿಮ್ಮದು ಯಾವಾಗಲೂ ಹಿಂಗ ಆಗತೈತಿ” ಎಂದರು. ಯಾವಾಗಲೂ ಎಂದರು, ಆಯಿ. ಹನ್ನೊಂದು ವರ್ಷದಿಂದ ನಮ್ಮವರ ಬಟಾಟಿ ಏರಿಲ್ಲ. ಹನ್ನೊಂದು ವರ್ಷದಿಂದ ಎಲ್ಲರೂ ಏರಿತು ಎಂದು ಬರೆದು ಸಹಿ ತೆಗೆದುಕೊಂಡು ಹೋಗಿದ್ದಾರೆ.

ನನ್ನ ಕೈ ತಪ್ಪೋ ಬಟಾಟಿ ತಪ್ಪೋ ಎಂದು ತಿಳಿಯಲು ಒಂದೇ ದಾರಿ. ಒಂದು ಬಟಾಟಿಯನ್ನು ನಾನೇ ಕೊಯ್ದು ನೋಡಬೇಕು. ಒಂದು ಗಡ್ಡೆಯಲ್ಲಿ ಅನಂತ ಜೀವ ಎಂದು ನೀನು ಕಲಿಸಿದ್ದೀಯ, ನಾನು ಮರೆತಿಲ್ಲ. ಆದರೂ ಕೊಯ್ಯುತ್ತೇನೆ. ನಿನ್ನನ್ನು ಕೇಳುತ್ತಿಲ್ಲ, ಮೊದಲೇ ಹೇಳುತ್ತಿದ್ದೇನೆ. ಕದ್ದು ಮಾಡಿದರೆ ಪದ್ಮಶ್ರೀಗೂ ನನಗೂ ಏನು ವ್ಯತ್ಯಾಸ?

ಅನುಜಾ


ಮಹಾಂತೇಶ ನಗರ
22 ಸೆಪ್ಟೆಂಬರ್ 2024

ಆಯಿ,

ಮೂರು ವಾರವಾಯಿತು, ನಿನ್ನಿಂದ ಒಂದು ಸಾಲು ಇಲ್ಲ. ಬೈದಾದರೂ ಬರೆಯಬಾರದೆ?

ಕೃಷ್ಣಾಜಿ ಸರ್ ಅಪ್ಪನಿಗೆ ಫೋನು ಮಾಡಿದ್ದಾರೆ. ಈ ರವಿವಾರ ಅಪ್ಪ ಅಭ್ಯಾಸದ ಮಾತೇ ಎತ್ತಲಿಲ್ಲ. “ಅವರು ಹೇಳಿದಂಗ ಬರದ ಸಹಿ ತಗೋ. ಇಲ್ಲಂದ್ರ ದಸರಾಕ್ಕ ಬರೂ ಮುಂದ ಟ್ರಂಕ್ ತಗೊಂಡ ಬಾ, ಮತ್ತ ಹೋಗೂದಿಲ್ಲ” ಎಂದ. ನಿನ್ನ ಬಗ್ಗೆ ಕೇಳಿದರೆ “ಆಕಿ ಸುದ್ದಿ ಕೇಳಬ್ಯಾಡ” ಎಂದು ಇಟ್ಟುಬಿಟ್ಟ. ಮನೆಯಲ್ಲಿ ಏನಾಗಿದೆ? ನಿನ್ನ ಆರೋಗ್ಯ ಸರಿಯಿದೆಯಲ್ಲ?

ಬಟಾಟಿ ತಂದು ಟ್ರಂಕಿನಲ್ಲಿಟ್ಟಿದ್ದೇನೆ. ಕೊಯ್ಯುತ್ತೇನೆ ಎಂದು ಅಷ್ಟು ಜೋರಾಗಿ ಬರೆದವಳು ಇನ್ನೂ ಕೊಯ್ದಿಲ್ಲ. ದಿನಾ ತೆಗೆದು ನೋಡಿ ಮತ್ತೆ ಇಡುತ್ತೇನೆ. ನಿನ್ನೆ ನೋಡಿದರೆ ಅದಕ್ಕೆ ಮೊಳಕೆ ಬಂದಿದೆ. ನನಗೆ ಅಳು ಬಂತು. ಆಮೇಲೆ ನನ್ನ ಮೇಲೆ ನನಗೇ ಸಿಟ್ಟು ಬಂತು.

ಅನುಜಾ


ಬೀಡಿ
25 ಸೆಪ್ಟೆಂಬರ್ 2024

ಅನೂ,

ಎರಡೂ ಕಾಗದ ಬಂದಿವೆ. ನನ್ನ ಆರೋಗ್ಯ ಗಟ್ಟಿಯಾಗಿದೆ. ಮನೆಯಲ್ಲಿ ಆದದ್ದನ್ನು ಆಮೇಲೆ ಹೇಳುತ್ತೇನೆ. ಮೊದಲು ನಿನ್ನ ಬಟಾಟಿ.

ಉಪ್ಪಿನಕಾಯಿ ಹಾಕಿದ ಮಾವಿನ ಓಟೆ ಎಂದಾದರೂ ಮೊಳೆತದ್ದನ್ನು ನೋಡಿದ್ದೀಯಾ? ಉಪ್ಪು ಒಂದು ಗಳಿಗೆ ಇದ್ದರೆ ನೀರು ಎಳೆಯುತ್ತದೆ, ಒಂದು ರಾತ್ರಿ ಇದ್ದರೆ ಜೀವವನ್ನೇ ಎಳೆಯುತ್ತದೆ. ಮೆತ್ತಗಿತ್ತು ಎಂದು ನೀನೇ ಬರೆದಿದ್ದೀಯ. ಮಾಯಕ್ಕ ಕೊಟ್ಟದ್ದು ಸತ್ತ ಬಟಾಟಿ. ಸತ್ತದ್ದರ ಪೊರೆ ಯಾರನ್ನು ತಡೆದೀತು? ಒಳಗಿನ ಸಕ್ಕರೆ ನೀರು ಹೊರಗೆ ಸೋರಿತು. ನಿನ್ನ ಕೈಯೂ ಸರಿ, ನೀನು ಬರೆದದ್ದೂ ಸರಿ. ಪಪ್ಪಾಯಿ, ಸವತೆಕಾಯಿ ಎಂದು ಸುತ್ತಿಸದೆ ಮೊದಲೇ ಬಟಾಟಿ ಎಂದಿದ್ದರೆ ಆಗಲೇ ಹೇಳುತ್ತಿದ್ದೆ. ನನಗೆ ಹೆದರಿ ಮುಚ್ಚಿಟ್ಟೆ. ನನಗೆ ಹೆದರುವಂತೆ ನಿನ್ನನ್ನು ಮಾಡಿದ್ದು ಆ ಕಪ್ಪೆಯ ಕತೆ. ಅದಕ್ಕೇ ಈಗ ಅದರ ಲೆಕ್ಕ ಮುಗಿಸುತ್ತೇನೆ.

ಕಪ್ಪೆಯನ್ನು ನಾನು ಕೊಯ್ದಿದ್ದೆ.

1971ರಲ್ಲಿ, ನಿನ್ನಷ್ಟೇ ವಯಸ್ಸು. ಬೆಳಗಾವಿಯಲ್ಲಿ ಸೋದರಮಾವನ ಮನೆಯಲ್ಲಿದ್ದು ಪಿಯುಸಿಗೆ ಹೋಗುತ್ತಿದ್ದೆ. ಕಪ್ಪೆಯ ದಿನ ಮಾಸ್ತರರು ತಾವಾಗಿಯೇ “ನೀ ಬ್ಯಾಡಾದ್ರ ಹೊರಗ ಕುಂದರವಾ” ಎಂದರು. ಯಾರೂ ನನ್ನನ್ನು ಒತ್ತಾಯ ಮಾಡಲಿಲ್ಲ. ನಾನೇ ಕತ್ತರಿ ಎತ್ತಿಕೊಂಡೆ. ಔಷಧಿ ಹಾಕಿ ಅದಕ್ಕೆ ಎಚ್ಚರ ತಪ್ಪಿಸಿದ್ದರು. ಚರ್ಮ ಬಿಡಿಸಿದೆ, ಎಲುಬು ಸರಿಸಿದೆ. ಒಳಗೆ ಹೃದಯ ಬಡಿಯುತ್ತಿತ್ತು. ಗೋಡೆಯ ಗಡಿಯಾರ ನೋಡುತ್ತ ಅದನ್ನು ಎಣಿಸಿ ರೆಕಾರ್ಡಿನಲ್ಲಿ ಬರೆದೆ. ಮಾಸ್ತರರು ನನ್ನ ಪುಸ್ತಕವನ್ನು ಇಡೀ ತರಗತಿಗೆ ತೋರಿಸಿದರು. ಅಷ್ಟು ಸುಖ ನನಗೆ ಆಮೇಲೆ ಮದುವೆಯಲ್ಲೂ ಆಗಲಿಲ್ಲ.

ಹಿಗ್ಗಿ ಪುಸ್ತಕವನ್ನು ಊರಿಗೆ ತಂದೆ. ನನ್ನಪ್ಪ ನೋಡಿದರು, ಅದನ್ನು ಬಚ್ಚಲ ಒಲೆಗೆ ಹಾಕಿದರು. ಮತ್ತೆ ನನ್ನನ್ನು ಕಾಲೇಜಿಗೆ ಕಳಿಸಲಿಲ್ಲ. ಮರುದಿನ ಊರಿಗೆಲ್ಲ ಹೇಳಿದರು: “ನಮ್ಮ ಸೋನಾ ಕಪ್ಪಿ ಕೊಯ್ಯಂಗಿಲ್ಲಂತ ಕಾಲೇಜ ಬಿಟ್ಟ ಬಂದಾಳ.” ಬಸದಿಯಲ್ಲಿ ನನಗೆ ಉಡಿ ತುಂಬಿದರು. ನಾನು ತುಂಬಿಸಿಕೊಂಡೆ. ಆ ಕತೆ ಕೇಳಿಯೇ ನಿನ್ನ ಅಜ್ಜನ ಮನೆಯವರು ನನ್ನನ್ನು ಸೊಸೆ ಮಾಡಿಕೊಂಡರು. ಮಾಡಿದ್ದಕ್ಕೆ ಶಿಕ್ಷೆ, ಮಾಡದೇ ಇದ್ದದ್ದಕ್ಕೆ ಸನ್ಮಾನ. ಐವತ್ತಮೂರು ವರ್ಷ ನಾನು ತಪ್ಪು ಬರೆದು ಸಹಿ ಹಾಕಿಸಿಕೊಂಡು ಬದುಕಿದೆ.

ನಿನ್ನ ಸೆಪ್ಟೆಂಬರಿನ ಮೊದಲ ಕಾಗದ ದಶಲಕ್ಷಣ ಪರ್ವದ ನಡುವೆ ಬಂತು. ಉಪವಾಸದಲ್ಲಿದ್ದೆ. ಬಟಾಟಿ ಎಂದು ಓದಿ ಮೊದಲು ಮೈಯೆಲ್ಲ ಉರಿಯಿತು. ಕೊನೆಯ ಸಾಲು ಓದಿ ನಾಚಿಕೆಯಾಯಿತು. ಪರ್ವ ಮುಗಿದ ಮರುದಿನ ಕ್ಷಮಾವಣಿ ನಿನಗೆ ಗೊತ್ತಲ್ಲ. ಬಸದಿಯಲ್ಲಿ ಎಲ್ಲರೂ ಒಬ್ಬರಿಗೊಬ್ಬರು ಕೈ ಮುಗಿದು, ಗೊತ್ತಿದ್ದೋ ಗೊತ್ತಿಲ್ಲದೆಯೋ ಮಾಡಿದ ತಪ್ಪು ಕ್ಷಮಿಸಿ ಎನ್ನುತ್ತಾರೆ. ನಾನು ಎದ್ದು ನಿಂತು, ಗೊತ್ತಿದ್ದೇ ಮಾಡಿದ್ದು ಎಂದು ಎಲ್ಲವನ್ನೂ ಹೇಳಿದೆ. ಮೊಮ್ಮಗಳ ಬಗ್ಗೆ ನಾನು ಹೇಳಿದ್ದೂ ತಪ್ಪು, ಆಕೆ ಧರ್ಮಕ್ಕಲ್ಲ, ಸುಳ್ಳು ಬರೆಯಲಾರೆನೆಂದು ಹಟ ಹಿಡಿದಿದ್ದಾಳೆ ಎಂದೆ. ಒಬ್ಬಿಬ್ಬರು ಕೈ ಮುಗಿದರು. ಉಳಿದವರು ಮುಖ ತಿರುಗಿಸಿದರು. ನಿನ್ನಪ್ಪ ಅಂದಿನಿಂದ ನನ್ನೊಡನೆ ಮಾತು ಬಿಟ್ಟಿದ್ದಾನೆ. ಮಾತಿಲ್ಲದೆ ಮನೆ ತಣ್ಣಗಿದೆ, ನನಗೇನೂ ತೊಂದರೆಯಿಲ್ಲ.

ಆ ಕಪ್ಪೆಗೆ ನಾನು ದಿನಾ ಕ್ಷಮೆ ಕೇಳುತ್ತೇನೆ. ಕೊಂದದ್ದನ್ನು ಒಳ್ಳೆಯದೆಂದು ಹೇಳಲಾರೆ. ಆದರೆ ಒಳಗೆ ಏನಿದೆ ಎಂದು ನೋಡುವ ಆಸೆಗೆ ಕ್ಷಮೆ ಕೇಳಿಲ್ಲ, ಕೇಳುವುದೂ ಇಲ್ಲ.

ನಾನು ಇನ್ನು ಮುಂದೆಯೂ ಗಡ್ಡೆ ಕೊಯ್ಯುವುದಿಲ್ಲ. ನನ್ನ ವ್ರತ ನನ್ನದು. ನಿನ್ನಿಂದ ತೆಗೆದುಕೊಂಡ ಮಾತನ್ನು ಮಾತ್ರ ಹಿಂದಕ್ಕೆ ಕೊಟ್ಟಿದ್ದೇನೆ. ಕೊಯ್ಯುವುದೋ ಬಿಡುವುದೋ ನೀನೇ ತೀರ್ಮಾನಿಸು. ಏನು ಮಾಡಿದರೂ ಮಾಡಿದ್ದನ್ನೇ ಬರೆ.

ನಿನ್ನ ಆಯಿ


ಮಹಾಂತೇಶ ನಗರ
1 ಅಕ್ಟೋಬರ್ 2024

ಆಯಿ,

ನಿನ್ನ ಕಾಗದ ಬಂದ ಎರಡನೇ ದಿನ ಕೊಯ್ದೆ.

ಟ್ರಂಕಿನಲ್ಲಿ ಮೊಳೆತದ್ದನ್ನಲ್ಲ. ಅದಕ್ಕೆ ಕೈ ಬರಲಿಲ್ಲ. ಬೇರೆ ತಂದೆ. ಮಾಯಕ್ಕನಿಗೆ ನಿಜ ಹೇಳಿ, ಒಂದನ್ನು ಎಂದಿನಂತೆ ಹಿಂದಿನ ಸಂಜೆ ಉಪ್ಪುನೀರಿನಲ್ಲಿ ಇಡಲು ಬೇಡಿಕೊಂಡೆ. ಮರುದಿನ ಸರ್ ಎದುರಿಗೇ ಇನ್ನೊಂದನ್ನು ನಾನು ಕೊಯ್ದೆ. ಮೊದಲ ಸಲವಲ್ಲವೇ, ಬಟ್ಟಲಿನ ಗೋಡೆ ಒಂದು ಕಡೆ ದಪ್ಪವಾಯಿತು. ಎರಡರಲ್ಲೂ ಒಂದೇ ಪಾತ್ರೆಯ ಸಕ್ಕರೆ ನೀರು ತುಂಬಿದೆ, ಪಕ್ಕಪಕ್ಕ ನಿಲ್ಲಿಸಿದೆ.

ಒಂದೂವರೆ ಗಂಟೆಗೆ ನನ್ನದು ಆರು ಮಿ.ಮೀ. ಏರಿತು. ಉಪ್ಪಿನದು ಎರಡು ಮಿ.ಮೀ. ಇಳಿಯಿತು, ಅಂದಿನಂತೆಯೇ.

ಮಾಯಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. “ನಿಮ್ಮ ಧರ್ಮಾ ಕೆಡಬಾರದಂತ ಮಾಡತಿದ್ದೆ, ತಂಗಿ” ಎಂದಳು. ಆಕೆಯ ಮೇಲೆ ನನಗೆ ಒಂದಿಷ್ಟೂ ಸಿಟ್ಟಿಲ್ಲ. ಹನ್ನೊಂದು ವರ್ಷದಲ್ಲಿ ಒಬ್ಬ ಹುಡುಗಿಯಾದರೂ ಏರಲಿಲ್ಲ ಎಂದು ಬರೆದಿದ್ದರೆ ಆಕೆಗೆ ಆಗಲೇ ತಿಳಿಯುತ್ತಿತ್ತು.

ಈಗ ಸರ್ ಸಹಿ ಹಾಕುತ್ತಾರೆ ಎಂದುಕೊಂಡೆ. ಅವರು ಎರಡನ್ನೂ ನೋಡಿದರು, ಖರೇ ಐತಿ ಎಂದೂ ಒಪ್ಪಿದರು. ಆಮೇಲೆ ಹಳೆಯ ಪುಟ ಹರಿದು ಹಾಕಿ ಹೊಸದನ್ನಷ್ಟೇ ಬರೆದುಕೊಂಡು ಬಾ ಎಂದರು. ಪರೀಕ್ಷೆಗೆ ಹೊರಗಿನವರು ಬರುತ್ತಾರೆ, ಏರದ ಬಟಾಟಿ ನೋಡಿದರೆ ಕಾಲೇಜಿನ ಬಗ್ಗೆ ಏನಂದಾರು ಎಂಬ ಚಿಂತೆ ಅವರಿಗೆ. ನಾನು ಹೊಸ ಪುಟ ಬರೆದೆ, ಹಳೆಯದನ್ನು ಹರಿಯಲಿಲ್ಲ. ಏರದೇ ಇದ್ದದ್ದರಿಂದಲೇ ನಾನು ಇದನ್ನು ಕಲಿತದ್ದು. ಅದನ್ನೇ ಹರಿದರೆ ಮುಂದಿನ ಪುಟಕ್ಕೆ ತಲೆಯಿಲ್ಲ, ಬುಡವಿಲ್ಲ.

ಸಹಿ ಇನ್ನೂ ಆಗಿಲ್ಲ. ದಸರೆಯ ರಜೆ ಮುಗಿದ ಸೋಮವಾರ, 21ಕ್ಕೆ, ಕೊನೆಯ ದಿನ. ಅಂದು ಪಾಲಕರನ್ನು ಕರೆತರಬೇಕಂತೆ. ರಜೆಗೆ ನಾನು ಊರಿಗೆ ಬರುವುದಿಲ್ಲ. ಬಂದರೆ ಅಪ್ಪ ಮತ್ತೆ ಬಿಡುವುದಿಲ್ಲ. ಹಾಸ್ಟೆಲ್ಲಿನ ಊಟ ಉಂಡುಕೊಂಡು ಇಲ್ಲೇ ಇರುತ್ತೇನೆ.

ಅನುಜಾ


ಬೀಡಿ
9 ಅಕ್ಟೋಬರ್ 2024

ಅನೂ,

ಪುಟ ಹರಿಯಬೇಡ.

ಪಾಲಕರು ಎಂದರೆ ನಿನ್ನಪ್ಪ ಒಬ್ಬನೇ ಎಂದು ಎಲ್ಲಿ ಬರೆದಿದೆ? ಸೋಮವಾರ ಮುಂಜಾನೆಯ ಬಸ್ಸಿಗೆ ನಾನು ಬರುತ್ತೇನೆ. ಅವನೂ ಬರುತ್ತಾನಂತೆ, ನಿನ್ನ ಟ್ರಂಕ್ ಹೊತ್ತು ತರಲು. ನನ್ನೊಡನೆ ಮಾತಿಲ್ಲವಾದ್ದರಿಂದ ಇದನ್ನು ನಿನ್ನವ್ವನ ಮೂಲಕ ಹೇಳಿ ಕಳಿಸಿದ. ಒಂದೇ ಬಸ್ಸಿನಲ್ಲಿ ಹೋಗೂಣು ಎಂದು ನಾನೂ ನಿನ್ನವ್ವನ ಮೂಲಕವೇ ಹೇಳಿ ಕಳಿಸಿದೆ.

ಆಯಿ


ಮಹಾಂತೇಶ ನಗರ
22 ಅಕ್ಟೋಬರ್ 2024

ಆಯಿ,

ಒಳಗೆ ನೀನು ಏನು ಹೇಳಿದೆ?

ನನ್ನನ್ನು ಹೊರಗೆ ನಿಲ್ಲಿಸಿ ಬಾಗಿಲು ಹಾಕಿದರು. ಅರ್ಧ ಗಂಟೆಯಾದರೂ ಯಾರ ದನಿಯೂ ಏರಲಿಲ್ಲ, ಅದಕ್ಕೇ ನನಗೆ ಹೆಚ್ಚು ಭಯವಾಯಿತು. ಹೊರಬಂದಾಗ ನಿನ್ನ ಮುಖ ನೋಡಿದರೆ ಏನೂ ತಿಳಿಯಲಿಲ್ಲ. ಅಪ್ಪ ಟ್ರಂಕಿನ ಮಾತೇ ಎತ್ತದೆ, ಬಸ್ಸಿಗೆ ಹೊತ್ತಾಯಿತು ಎಂದು ನಿನ್ನನ್ನು ಕರೆದುಕೊಂಡು ಹೋದ. ನಿನ್ನ ಚೀಲಕ್ಕೆ ನಾನು ಹಾಕಿದ ಬಟಾಟಿಯ ಮೊಳಕೆ ಮುರಿಯಲಿಲ್ಲ ತಾನೇ?

ಇವತ್ತು ಸರ್ ರೆಕಾರ್ಡ್ ಕೊಟ್ಟರು. ಎರಡೂ ಪುಟಕ್ಕೆ ಸಹಿ. ಹಳೆಯ ಪುಟಕ್ಕೆ ಐದರಲ್ಲಿ ಎರಡು ಅಂಕ, ಹೊಸದಕ್ಕೆ ಅಂಕವೇ ಇಲ್ಲ. ಪದ್ಮಶ್ರೀಗೆ ಐದಕ್ಕೆ ಐದಿದೆ. ಇರಲಿ. ಪರೀಕ್ಷೆಗೆ ಕೂರುತ್ತೇನೆ, ಅಷ್ಟು ಸಾಕು. ಆ ಎರಡು ನನ್ನದೇ.

ಮಧ್ಯಾಹ್ನ ಪದ್ಮಶ್ರೀ ನನ್ನ ಪುಟಗಳನ್ನು ಬಹಳ ಹೊತ್ತು ನೋಡಿದಳು. ಆಮೇಲೆ ತನ್ನ ಪುಸ್ತಕ ತೆಗೆದುಕೊಂಡು ಹೋಗಿ, ಇನ್ನೊಮ್ಮೆ ಮಾಡಲು ಬಿಡಿ ಎಂದು ಸರ್ ಅವರನ್ನು ಕೇಳಿದಳು. ಮುಂದಿನ ವಾರ ಮಾಡುತ್ತಾಳೆ. ಮಾಯಕ್ಕ ಆಕೆಗೆ ಈಗಲೇ ಕೇಳಿಟ್ಟಿದ್ದಾಳೆ: “ನೀ ಕೊಯ್ತಿಯೋ, ನಾ ಕೊಯ್ಲೋ? ನಾ ಕೊಯ್ದ್ರ ಆವಾಗಿಂದಾವಾಗ ಕೊಯ್ದ ಕೊಡತೀನಿ, ಉಪ್ಪ ಹಾಕೂದಿಲ್ಲ.”

ಬೇಗ ಬರೆ.

ಅನುಜಾ


ಬೀಡಿ
25 ಅಕ್ಟೋಬರ್ 2024

ಅನೂ,

ಕೇಳಿದೆಯಲ್ಲ, ಹೇಳುತ್ತೇನೆ.

ನಿನ್ನ ಸರ್ ಕೆಟ್ಟವರಲ್ಲ, ಹೆದರುಪುಕ್ಕಲರು. ಕುರ್ಚಿ ಕೊಟ್ಟರು, ಚಹಾ ತರಿಸಿದರು. ಒಂದು ಅರ್ಜಿ ಮುಂದಿಟ್ಟು ಪಾಲಕರು ತುಂಬಿ ಸಹಿ ಮಾಡಬೇಕು ಎಂದರು. ಅದರಲ್ಲಿ ಪಾಲಕರ ಶಿಕ್ಷಣ ಎಂದು ಒಂದು ಸಾಲು ಇತ್ತು. ನಿನ್ನಪ್ಪ ರೂಢಿಯಂತೆ “ನಮ್ಮವ್ವ ಕಲ್ತಿಲ್ರಿ” ಎನ್ನುತ್ತ ಪೆನ್ನಿಗೆ ಕೈ ಹಾಕಿದ. ನಾನು ಪೆನ್ನು ಕಸಿದುಕೊಂಡೆ. ಪಿಯುಸಿ ವಿಜ್ಞಾನ, ಅಪೂರ್ಣ ಎಂದು ಬರೆದೆ.

ಸರ್ ಅದನ್ನು ಓದಿ ನನ್ನ ಮುಖ ನೋಡಿದರು. ಆಗ ಹೇಳಿದೆ: “ನಾ ಕಪ್ಪಿ ಕೊಯ್ದ ರೆಕಾರ್ಡ್ ಬರದಿದ್ದೆರಿ ಸರ್. ನಮ್ಮಪ್ಪ ಅದನ್ನ ಒಲಿಗೆ ಹಾಕಿದ. ನೀವು ಇಕಿಗೆ ಹರಿ ಅಂತೀರಿ. ನಮ್ಮಪ್ಪ ಸಾಲಿ ಕಲ್ತಿರಲಿಲ್ಲ. ನೀವು ಕಲ್ತೀರಿ.”

ಉಳಿದ ಹೊತ್ತೆಲ್ಲ ಅವರು ನಿನ್ನ ಎರಡು ಪುಟ ಓದುತ್ತ ಕುಳಿತಿದ್ದರು, ನಾವು ಚಹಾ ಕುಡಿಯುತ್ತ ಕುಳಿತಿದ್ದೆವು. ಸಹಿ ಮಾಡುತ್ತೇನೆ, ಆದರೆ ಅಂಕದ ಮಾತು ಬೇರೆ ಎಂದರು. ಅಂಕ ನಿಮ್ಮ ಕೈಯಲ್ಲಿದೆ, ಪುಟ ನಮ್ಮ ಕೈಯಲ್ಲಿರಲಿ ಎಂದು ಎದ್ದೆ.

ನಿನ್ನ ಮೊಳಕೆಯ ಬಟಾಟಿ ಸುಖವಾಗಿ ಬಂತು. ನಮ್ಮ ಮನೆಯಲ್ಲಿ ಅದಕ್ಕೆ ಜಾಗವಿಲ್ಲ. ಪಕ್ಕದ ಹೊಲದ ಭರಮಪ್ಪನಿಗೆ ಕೊಟ್ಟು, ಬದುವಿನ ಮೇಲೆ ಹುಗಿದು ಬಿಡು, ಅದನ್ನು ಮಾತ್ರ ಕೀಳಬೇಡ ಎಂದಿದ್ದೇನೆ. ಆತ ನಕ್ಕ, ಆದರೆ ಹುಗಿದ.

ಇನ್ನೊಂದು ಸುದ್ದಿ ಇದೆ. ಬಸ್ಸಿನಲ್ಲಿ ಖಾನಾಪುರ ದಾಟುವವರೆಗೆ ನಿನ್ನಪ್ಪ ಕಿಟಕಿಯ ಹೊರಗೇ ನೋಡುತ್ತಿದ್ದ. ಆಮೇಲೆ, ನನ್ನ ಕಡೆ ತಿರುಗದೆಯೇ, ಒಂದು ತಿಂಗಳ ಮೇಲೆ ಮೊದಲ ಮಾತು ಆಡಿದ. “ಬಸದ್ಯಾಗ ಕಪ್ಪಿ ಎದಿ ಬಡತ ಎಣಿಸೇನಿ ಅಂದಿದ್ದೆಲ್ಲಾ ಅವ್ವಾ. ಎಷ್ಟ ಬಂದಿತ್ತು?”

ಐವತ್ತಮೂರು ವರ್ಷದಲ್ಲಿ ನನ್ನನ್ನು ಯಾರೂ ಅದನ್ನು ಕೇಳಿರಲಿಲ್ಲ. ಬಸ್ಸಿನಲ್ಲಿ ಅಷ್ಟು ಜನರ ನಡುವೆ ಸೆರಗು ಮುಖಕ್ಕೆ ಹಿಡಿದು ಅತ್ತುಬಿಟ್ಟೆ. ಆಮೇಲೆ ಹೇಳಿದೆ. ಈಗ ನಿನಗೂ ಹೇಳುತ್ತೇನೆ. ದೀಪಾವಳಿಗೆ ಬಾ, ಬರುವಾಗ ಆ ರೆಕಾರ್ಡ್ ತೆಗೆದುಕೊಂಡು ಬಾ. ಅದರ ಕೊನೆಯ ಹಾಳೆಯಲ್ಲಿ ನನ್ನ ಕೈಯಿಂದ ಬರೆಯುವುದಿದೆ. ಅದಕ್ಕೆ ಯಾರ ಸಹಿಯೂ ಬೇಕಾಗಿಲ್ಲ.

ನಿಮಿಷಕ್ಕೆ ನಲವತ್ತೆರಡು. ಪುಸ್ತಕದಲ್ಲಿ ಬೇರೆ ಇತ್ತು. ನಾನು ಮೂರು ಸಲ ಎಣಿಸಿದ್ದೆ.

ಸೋನಾಬಾಯಿ